ಏಳು ಕೊಳವೆಯ ಕ್ಯಾಸೆಟ್ ಕೂರಿಗೆ

24-5-1995, ಬುಧವಾರ

ವಿಡಿಯೊ ಕ್ಯಾಸೆಟ್ಟನ್ನು ಜಪಾನಿನವರು ಕಂಡುಹಿಡಿದರು ಎಂದು ಜಗತ್ತೆಲ್ಲ ನಂಬಿದೆ. ನಂಬಿಕೊಳ್ಳಲಿ. ನಿಜ ಏನೆಂದರೆ ತಾಳವಾಡಿ ಚಿಕ್ಕಬಸಪ್ಪನಾದ ನಾನು ಆರನೇ ಕ್ಲಾಸಿನಲ್ಲಿದ್ದಾಗಲೇ ಎರಡು ದಾರದ ಉಂಡೆ, ಅವ್ವನ ಸೀರೆಯ ಒಂದು ಅಂಚು ಇಟ್ಟುಕೊಂಡು ಅದನ್ನು ಮಾಡಿ, ಸಾಕೆನಿಸಿ ತಿಪ್ಪೆಗೆ ಎಸೆದಿದ್ದೆ. ಯಾರೋ ಎತ್ತಿಕೊಂಡು ಹೋಗಿ ಜಪಾನಿಗೆ ಮಾರಿದ್ದಾರೆ. ಇಂಥವನ ಚರಿತ್ರೆ ಬರೆದಿಡದಿದ್ದರೆ ಮುಂದಿನವರಿಗೆ ಅನ್ಯಾಯ. ಆದ್ದರಿಂದ ರಸಗೊಬ್ಬರದ ಅಂಗಡಿಯವನು ಬಿಟ್ಟಿ ಕೊಟ್ಟ ಈ ಡೈರಿಯನ್ನು ಇವತ್ತು ತೆರೆದೆ. ಇಲ್ಲಿಯವರೆಗಿನ ಹಾಳೆಗಳಲ್ಲೆಲ್ಲ ಅಕ್ಕನ ಮಗಳು ಸೌಮ್ಯ ರಂಗೋಲಿ ಬಿಡಿಸಿಟ್ಟಿದ್ದಾಳೆ. ಅವಳು ಪ್ಲಸ್ ಟೂ ಮುಗಿಸಿ ನಮ್ಮ ಮನೆಯಲ್ಲೇ ಇದ್ದಾಳೆ. ಬುದ್ಧಿವಂತೆ, ನನ್ನ ಕಡೆಯ ರಕ್ತ.

ಮೊನ್ನೆ ಭಾನುವಾರ ದೇವಸ್ಥಾನದ ಮುಂದಿನ ಚಪ್ಪರದಲ್ಲಿ ಏಳು ಜೋಡಿಗೆ ಒಟ್ಟಿಗೆ ಮದುವೆ. ದೊಡ್ಡಗಾಜನೂರಿನ ಮಹದೇವಯ್ಯ 'ನಾನು ಸರಳ ಮದುವೆ ಮಾಡುವವನು' ಎಂದು ಮಗನನ್ನು ಸೇರಿಸಿದ. ಅವನು ಸರಳನಾದ ಮೇಲೆ ನಾನೇನು ಕಮ್ಮಿ ಎಂದು ಮಲ್ಲಯ್ಯ ಮಗಳನ್ನು ಸೇರಿಸಿದ. ಇಬ್ಬರಿಗೂ ಇಪ್ಪತ್ತು ವರ್ಷದಿಂದ ಮೊದಲ ತಾಂಬೂಲ ಯಾರಿಗೆ ಎಂಬ ಜಗಳ. ಉಳಿದ ಐದು ಸಾಧಾರಣ ಮನೆಗಳು. ಕೊನೆಯದು ತಿಗನಾರೆಯ ಕೂಲಿ ಹೆಂಗಸೊಬ್ಬಳ ಮಗಳು. ನನ್ನದು ಒಂದೇ ಕ್ಯಾಮೆರಾ ಆದ್ದರಿಂದ ಏಳು ತಾಳಿಯನ್ನೂ ಒಂದಾದ ಮೇಲೊಂದು ಕಟ್ಟಿಸಿ ಎಂದು ಐನೋರಿಗೇ ಅಪ್ಪಣೆ ಮಾಡಿದೆ. ಕಟ್ಟಿಸಿದರು. ಮುಹೂರ್ತವನ್ನೇ ನನ್ನ ಕ್ಯಾಮೆರಾದ ಹಿಂದೆ ಸಾಲಾಗಿ ನಿಲ್ಲಿಸಿದವನು ನಾನು!

ಒಂದು ಗುಟ್ಟು. ಹೊಸ ಕ್ಯಾಸೆಟ್ಟು ಎಂದು ಹೇಳಿ ಶೂಟ್ ಮಾಡಿದ್ದು ನನ್ನ ಬಾಡಿಗೆ ಅಂಗಡಿಯ ಹಳೆಯ ಸಿನಿಮಾ ಕ್ಯಾಸೆಟ್ಟಿನ ಮೇಲೆ. ಅದರ ಬೆನ್ನಿನಲ್ಲಿ ಮುರಿದಿದ್ದ ಹಲ್ಲಿನ ತೂತಿಗೆ ಗಮ್ ಟೇಪ್ ಅಂಟಿಸಿದೆ, ರೆಕಾರ್ಡ್ ಆಯಿತು. ಯಾರಿಗೆ ಗೊತ್ತಾಗುತ್ತದೆ?

ಈಗ ತಕರಾರು. ಆಷಾಢ ಹುಟ್ಟುವುದರೊಳಗೆ ಏಳು ಮನೆಗೂ ಒಂದೊಂದು ಕಾಪಿ ಕೊಡಬೇಕು. ಒಂದು ಕಾಪಿಗೆ ಮೂರು ಗಂಟೆ. ಮಹದೇವಯ್ಯ ಬೆಳಿಗ್ಗೆ ಬಂದು, "ಮೊದುಲ್ನೇದು ನಮ್ಮನೇಗೆ ಬರ್ಬೇಕು ಕಣ್ಲಾ ಚಿಕ್ಕಬಸ" ಎಂದ. ಮಧ್ಯಾಹ್ನ ಮಲ್ಲಯ್ಯ ಬಂದು, "ಅವ್ನ ಮನೇಗೆ ಮೊದ್ಲು ಓಯ್ತೋ, ನಿನ್ ಅಂಗ್ಡಿ ಮುಂದೆ ನಾನು ಇನ್ನೊಂದು ವಿಡಿಯೊ ಅಂಗ್ಡಿ ಇಡ್ತೀನಿ" ಎಂದ.

ಏಳೂ ಕಾಪಿ ಒಂದೇ ಗಳಿಗೆಯಲ್ಲಿ ಹುಟ್ಟಬೇಕು. ಬೇರೆ ದಾರಿಯಿಲ್ಲ.

27-5-1995, ಶನಿವಾರ

ಸಿಕ್ಕಿತು! ಸಿಕ್ಕಿತು!

ಹೊಲದಲ್ಲಿ ರಾಗಿ ಬಿತ್ತುತ್ತಿದ್ದರು. ಹೆಂಡತಿ ಗುರುಲಿಂಗಮ್ಮ ಕೂರಿಗೆಯ ಹಿಂದೆ ನಡೆಯುತ್ತ ಹಿಡಿಹಿಡಿಯಾಗಿ ಬಟ್ಟಲಿಗೆ ಕಾಳು ಬಿಡುತ್ತಿದ್ದಳು. ಬಟ್ಟಲು ಒಂದು, ಅದರಿಂದ ಇಳಿಯುವ ಬಿದಿರ ಕೊಳವೆ ಆರು. ಒಂದು ಕೈ ಬಿಟ್ಟ ಕಾಳು ಆರು ಸಾಲಿಗೂ ಒಂದೇ ಹೊತ್ತಿಗೆ ಬೀಳುತ್ತದೆ. ಯಾವ ಸಾಲೂ ನಾನು ಮೊದಲು ಎನ್ನುವುದಿಲ್ಲ. ನಾನು ಬದುವಿನ ಮೇಲೆ ಕೂತವನು ಎದ್ದು ಕುಣಿದೆ.

"ಏನಾಯ್ತು, ಇರುವೆ ಕಚ್ತಾ?" ಎಂದಳು ಹೆಂಡತಿ.

"ಮಿದುಳು ಕಚ್ತು ಕಣೆ!"

ಒಂದು ವಿಡಿಯೊ ಡೆಕ್ಕಿನಲ್ಲಿ ಮದುವೆ ಓಡಲಿ, ಅದು ಬಟ್ಟಲು. ಅದರಿಂದ ಏಳು ವೈರು ಹೊರಟು ಏಳು ಡೆಕ್ಕಿಗೆ ಹೋಗಲಿ, ಅವು ಕೊಳವೆ. ದೊಡ್ಡ ಕಂಪನಿಗಳಲ್ಲಿ ನೂರು ಡೆಕ್ಕನ್ನು ಗೋಡೆಗೆ ಜೋಡಿಸಿ ಹೀಗೇ ಮಾಡುತ್ತಾರೆಂದು ಸೌಮ್ಯ ಯಾವುದೋ ಪತ್ರಿಕೆಯಲ್ಲಿ ಓದಿದ್ದಾಳಂತೆ. ಅವರು ನನ್ನಿಂದ ಕದ್ದಿರಬೇಕು. "ಅಂಗಾರೆ ಅವರ್ ಮೇಲೆ ಕೇಸ್ ಆಕಿ ಮಾವ" ಎಂದಳು. ನೋಡೋಣ, ಪುರುಸೊತ್ತಾದಾಗ.

31-5-1995, ಬುಧವಾರ

ಕೊಯಮತ್ತೂರಿಗೆ ಹೋಗಿ ಬಂದೆ. ಅಲ್ಲಿ ಬೀದಿಬೀದಿಗೆ ಕೇಬಲ್ ಟೀವಿ ಬಂದು ಕ್ಯಾಸೆಟ್ ಬಾಡಿಗೆ ಅಂಗಡಿಗಳು ಬಾಗಿಲು ಹಾಕುತ್ತಿವೆ. ಅಂಥ ಒಂದು ಅಂಗಡಿಯವನ ಹತ್ತಿರ ಹಳೆ ಕಾಲದ ಮೇಲ್ಮುಚ್ಚಳದ ಡೆಕ್ಕು ಏಳು ಇದ್ದವು. ಹಾರ್ಮೋನಿಯಂ ಮನೆಗಳ ಹಾಗೆ ಮುಂದೆ ಸಾಲಾಗಿ ದಪ್ಪ ಬಟನ್ನು. ಬೆರಳಿಟ್ಟು ಒತ್ತಿದರೆ ಕಟಕ್ ಎನ್ನಬೇಕು, ಅಂಥವು. ರಿಮೋಟಿನ ಡೆಕ್ಕು ನನಗೆ ಬೇಡ; ಎಲ್ಲವನ್ನೂ ಒಂದೇ ಸರಳಿನಿಂದ ಒಟ್ಟಿಗೆ ಒತ್ತುವ ನನ್ನ ಯೋಚನೆಗೆ ಅದು ಬರುವುದಿಲ್ಲ. "ಎಲ್ಲಾ ಎಡುತ್ತುಕ್ಕೋಂಗೊ", ಎಲ್ಲ ತೆಗೆದುಕೊಂಡು ಹೋಗಿ, ಎಂದು ಅವನು ಅಳುವ ಹಾಗಿದ್ದ. ನಾನು ಚೌಕಾಸಿ ಮಾಡಿ ಮಾಡಿ ಅವನನ್ನು ನಿಜವಾಗಿಯೂ ಅಳಿಸಿದೆ.

ಎಲೆಕೋಸು ಇಳಿಸಿ ಬರಿದಾಗಿ ವಾಪಸು ಬರುತ್ತಿದ್ದ ಲಾರಿಯಲ್ಲಿ ಗೋಣಿಚೀಲದ ನಡುವೆ ಏಳನ್ನೂ ಮಲಗಿಸಿ ತಂದೆ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವಿನಲ್ಲೂ ಎರಡನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಈಗಲೂ ಡೆಕ್ಕುಗಳಿಂದ ಕೋಸಿನ ವಾಸನೆ ಬರುತ್ತಿದೆ.

ಗುರುಲಿಂಗಮ್ಮನಿಗೆ ಎಲ್ಲ ಸೇರಿ ಎರಡು ಸಾವಿರ ಎಂದೆ. ನಿಜ ಐದು ಸಾವಿರ. ಅಡುಗೆಮನೆಯ ಹೆಂಚು ಬದಲಾಯಿಸಲು ಇಟ್ಟಿದ್ದ ದುಡ್ಡು. ಮಳೆ ಜೋರಾಗುವ ಮೊದಲು ದುಪ್ಪಟ್ಟಾಗಿ ವಾಪಸು ಬರುತ್ತದೆ.

4-6-1995, ಭಾನುವಾರ

ನಾಲ್ಕು ದಿನದಿಂದ ಊಟ ಎಲ್ಲಿ ಮಾಡಿದೆ ಎಂದು ನೆನಪಿಲ್ಲ. ಡೆಕ್ಕಿನ ಮುಚ್ಚಳ ಬಿಚ್ಚಿ ನೋಡುತ್ತ ಕೂತಿದ್ದೇನೆ.

ಎಂಥ ಚೆಂದ! ಕ್ಯಾಸೆಟ್ಟನ್ನು ಒಳಗೆ ಒತ್ತಿದರೆ ಅದರ ಮುಂದಿನ ರೆಪ್ಪೆ ತೆರೆದುಕೊಳ್ಳುತ್ತದೆ. ಎರಡು ಪುಟ್ಟ ಕಂಬಗಳು ಟೇಪಿನ ಹಿಂದೆ ನಿಂತು, ಎಮ್ಮೆ ನಾಲಿಗೆ ಚಾಚಿ ಹುಲ್ಲೆಳೆದುಕೊಳ್ಳುವ ಹಾಗೆ, ಅದನ್ನು ಹೊರಗೆಳೆದು ಓರೆಯಾಗಿ ಕೂತ ಬೆಳ್ಳಿ ಬಣ್ಣದ ಉರುಳೆಗೆ ಸುತ್ತುತ್ತವೆ. ಉರುಳೆ ನಿಮಿಷಕ್ಕೆ ಸಾವಿರದೈನೂರು ಸುತ್ತು ತಿರುಗುತ್ತದೆ. ಟೇಪು ಮಾತ್ರ ಬಸವನ ಹುಳುವಿನ ಹಾಗೆ ಸರಿಯುತ್ತದೆ. ಅದನ್ನು ಒಂದು ಉಕ್ಕಿನ ಕಡ್ಡಿಯೂ ಒಂದು ರಬ್ಬರ್ ಚಕ್ರವೂ ಕಚ್ಚಿಕೊಂಡು ಎಳೆಯುತ್ತವೆ. ಅವಸರದವನೂ ನಿಧಾನದವನೂ ಒಂದೇ ಮನೆಯಲ್ಲಿ ಕೆಲಸ ಮಾಡಿದರೆ ಮಾತ್ರ ಚಿತ್ರ.

ಇನ್ನೊಂದು ಜಾಣತನ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಒಂದು ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಡೆಕ್ಕಿನೊಳಗಿನ ಉಕ್ಕಿನ ಬೆರಳು ಅದನ್ನು ತಡವಿ ನೋಡುತ್ತದೆ. ಹಲ್ಲಿದ್ದರೆ ರೆಕಾರ್ಡ್ ಬಟನ್ ಇಳಿಯುತ್ತದೆ, ಹಲ್ಲು ಮುರಿದಿದ್ದರೆ ಇಳಿಯುವುದಿಲ್ಲ. ಇದ್ದದ್ದು ಅಳಿಸಿಹೋಗದ ಹಾಗೆ ಕಾವಲು.

ನನ್ನ ಯಂತ್ರ ಹೀಗೆ: ಕಬ್ಬಿಣದ ಕೋನದಲ್ಲಿ ಉದ್ದನೆಯ ಬೆಂಚು. ಅದರ ಮೇಲೆ ಏಳು ಡೆಕ್ಕು, ಎಂಟನೆಯದು ಮದುವೆ ಓಡಿಸುವ ನನ್ನ ಹಳೆ ಡೆಕ್ಕು. ಎಲ್ಲದರ ಬಟನ್ನುಗಳ ಮೇಲೆ ಅಡ್ಡಲಾಗಿ ಒಂದೇ ಉದ್ದ ಸರಳು, ಸರಳಿನ ಕೆಳಗೆ ಮರದ ಗೂಟಗಳು. ತುದಿಯಲ್ಲಿ ಕೈಹಿಡಿ, ಅದು ಸರಳಿನ ಎರಡೂ ತುದಿಯನ್ನು ಒಟ್ಟಿಗೆ ಕೆಳಗೆಳೆಯುತ್ತದೆ. ಕೈಹಿಡಿ ಒತ್ತಿದರೆ ಎಂಟೂ ಒಂದೇ ಕ್ಷಣದಲ್ಲಿ ಕಟಕ್. ರೆಕಾರ್ಡ್ ಆಗಲು ಎರಡು ಬಟನ್ ಒಟ್ಟಿಗೆ ಇಳಿಯಬೇಕು, ಅದಕ್ಕೆ ಒಂದೊಂದು ಡೆಕ್ಕಿಗೆ ಎರಡೆರಡು ಗೂಟ.

ಸೌಮ್ಯ ಬಗ್ಗಿ ನೋಡಿ, "ಎಂಟನೇದು ಬರೀ ಪ್ಲೇ ಆಗ್ಬೇಕಲ್ವಾ ಮಾವ? ಅದ್ಕೆ ಒಂದೇ ಗೂಟ ಸಾಕು" ಎಂದಳು.

"ಎಂಟರಲ್ಲಿ ಒಂದು ಬೋಳಾದ್ರೆ ಲಕ್ಷಣವಾಗಿರಲ್ಲ ಕಣವ್ವ. ರೆಕಾರ್ಡ್ ಬಟನ್ ಇಳಿಯಲ್ಲ. ಸಿನಿಮಾ ಕ್ಯಾಸೆಟ್ಟಿಗೆ ಹಲ್ಲು ಎಲ್ಲಿರ್ತದೆ? ಕಾವಲಿದೆ."

"ನೀವು ಯೋಳುದ್ರೆ ಸರಿ" ಎಂದಳು. ಅವಳ ಮುಖ ಮಾತ್ರ ಹಾಗೆ ಹೇಳಲಿಲ್ಲ.

8-6-1995, ಗುರುವಾರ

ಸರಳು ಇನ್ನೂ ವೆಲ್ಡಿಂಗಿನವನ ಹತ್ತಿರವೇ ಇದೆ. ತಡೆದುಕೊಳ್ಳಲಾಗಲಿಲ್ಲ. ಬಟನ್ನುಗಳನ್ನು ಕೈಯಿಂದಲೇ ಒಂದೊಂದಾಗಿ ಒತ್ತಿ ಮೊದಲ ಪರೀಕ್ಷೆ ಮಾಡಿಬಿಟ್ಟೆ. ಏಳು ಹೊಸ ಕ್ಯಾಸೆಟ್ಟು, ಮೂರು ಗಂಟೆ, ಕರೆಂಟೂ ಕೈಕೊಡಲಿಲ್ಲ. ಏಳು ಉರುಳೆ ಒಟ್ಟಿಗೆ ಗುಂಯ್ ಎನ್ನುವುದನ್ನು ಕೇಳಿದರೆ ಜೇನುಹುಟ್ಟಿನೊಳಗೆ ಕೂತ ಹಾಗೆ. ನಾನು ನಡುವೆ ಕೂತು ರಾಣಿಜೇನಾದೆ.

ಆಮೇಲೆ ಹಾಕಿ ನೋಡಿದರೆ ಗಂಜಿ ತಿಳಿ. ಏಳೂ ಒಂದೇ ಸಮ ಮಂಕು. ಮಲ್ಲಯ್ಯನ ಮಗಳ ಕೆಂಪು ಸೀರೆ ಬೂದಿಬಣ್ಣ. ಜನ ಎಲ್ಲ ದೆವ್ವದ ಹಾಗೆ ಓಡಾಡುತ್ತಾರೆ.

ಕೂರಿಗೆಯ ಲೆಕ್ಕವೇ ತಪ್ಪಿತು. ಬಟ್ಟಲಿಗೆ ಒಂದು ಹಿಡಿ ಕಾಳು ಹಾಕಿ ಏಳು ಕೊಳವೆಗೆ ಹಂಚಿದರೆ ಒಂದೊಂದಕ್ಕೆ ಬೀಳುವುದು ಏಳರಲ್ಲಿ ಒಂದು ಪಾಲು. ಚಿತ್ರವೂ ಹಾಗೇ ಹಂಚಿಹೋಗಿದೆ.

9-6-1995, ಶುಕ್ರವಾರ

ಬರೆಯುವುದಕ್ಕೆ ಏನೂ ಇಲ್ಲ.

12-6-1995, ಸೋಮವಾರ

ತಾಳಮಲೆ ದಾರಿಯಲ್ಲಿ ಆನೆ ಕರೆಂಟು ಕಂಬ ತಳ್ಳಿದೆಯಂತೆ. ಎರಡು ದಿನದಿಂದ ಕತ್ತಲೆ. ಆನೆಗೆ ನನ್ನ ಮೇಲೆ ಹೊಟ್ಟೆಕಿಚ್ಚು.

ಸತ್ಯಮಂಗಲದ ರೇಡಿಯೊ ಮೆಕ್ಯಾನಿಕ್ಕನ್ನು ಕೇಳಿದೆ. ಡೆಕ್ಕಿನಿಂದ ಡೆಕ್ಕಿಗೆ ಸರಪಳಿಯ ಹಾಗೆ ಜೋಡಿಸು, ಮೊದಲನೆಯದು ಚೆನ್ನಾಗಿ ಬರುತ್ತದೆ, ಕೊನೆಯದು ಸ್ವಲ್ಪ ಮಂಕು ಎಂದ. ಮೊದಲನೆಯದು! ಆ ಮಾತು ನನ್ನೆದುರಿಗೆ ಎತ್ತಬೇಡಪ್ಪ ಎಂದು ಕೈಮುಗಿದು ಬಂದೆ.

15-6-1995, ಗುರುವಾರ

ಕರೆಂಟು ಬಂತು. ಜೊತೆಗೇ ತಿಗನಾರೆಯ ಆ ಕೂಲಿ ಹೆಂಗಸು ಕೆಂಚಮ್ಮನೂ ಬಂದಳು, ಏಳನೆಯ ಜೋಡಿಯ ಹುಡುಗಿ ಪುಟ್ಟಿಯ ತಾಯಿ. ಕೋಸಿನ ಹೊಲದ ಕೆಲಸದಿಂದ ನೇರ ಬಂದಿದ್ದಳು. ಸೆರಗಿನಲ್ಲಿ ಒಂದು ಪಾವು ಹುರುಳಿ ಕಟ್ಟಿ ತಂದಿದ್ದಳು.

"ಬುದ್ಧಿ, ನಮ್ ಪುಟ್ಟಿ ಮದ್ವೆ ಪಿಚ್ಚರ್ ಬಂತಾ?"

"ಬತ್ತದೆ ಕಣಮ್ಮ. ಆಷಾಢಕ್ಕೆ ಮುಂಚೆ."

"ನಂಗೆ ಪೂರಾ ಬ್ಯಾಡ ಬುದ್ಧಿ. ತಾಳಿ ಕಟ್ಟೋ ಗಳ್ಗೆ ಒಂದ್ನ ತೋರ್ಸ್ಬುಡಿ, ಸಾಕು."

"ಯಾಕಮ್ಮ, ನೀನು ಅಲ್ಲೇ ಇದ್ದೆಯಲ್ಲ?"

"ಎಲ್ಲಿ ಬುದ್ಧಿ? ಮುಂಡೆ ಮುಕ ಆ ಗಳ್ಗೇಲಿ ಕಾಣ್ಬಾರ್ದು ಅಂತ ಚಪ್ರದ ಇಂದ್ಕೆ ಕಳಿಸ್ಬುಟ್ರು. ಅನ್ನದ ಕೊಳಗದ ತಾವ ನಿಂತಿದ್ದೆ. ವಾಲಗ ಕೇಳುಸ್ತು, ಅಷ್ಟೇಯ. ನಾನೇ ಎತ್ತು ನಾನೇ ಸಾಕ್ದೋಳು, ಅದೊಂದ್ನ ಮಾತ್ರ ನೋಡ್ಲಿಲ್ಲ."

ಕ್ಯಾಸೆಟ್ಟು ಪಕ್ಕದಲ್ಲೇ ಇತ್ತು, ಟೀವಿಯೂ ಇತ್ತು, ಕರೆಂಟೂ ಇತ್ತು. ಆದರೆ ಅವಳಿಗೆ ಮೊದಲು ತೋರಿಸಿದೆನೆಂದು ತಿಳಿದರೆ ಆ ಇಬ್ಬರು ನನ್ನನ್ನು ಬಿಡುತ್ತಾರೆಯೇ? "ಎಲ್ಲಾರ್ಗೂ ಒಂದೇ ದಿನ ಕಣಮ್ಮ" ಎಂದೆ. "ಆಗ್ಲಿ ಬುದ್ಧಿ" ಎಂದು ಹುರುಳಿ ಇಟ್ಟು ಹೋದಳು. ಕಾಯುವುದು ಅವಳಿಗೆ ಹೊಸದಲ್ಲವೇನೋ.

ಅವಳು ಹೋದ ಮೇಲೆ ಅದು ಸರಿಯಾಗಿ ಬಂದಿದೆಯೇ ಎಂದು ನಾನೊಬ್ಬನೇ ಹಾಕಿ ನೋಡಿದೆ. ಬಂದಿದೆ, ಬಂಗಾರದ ಹಾಗೆ. ಒಂದೇ ದೋಷ. ತಾಳಿ ಕಟ್ಟುವಾಗ ಹುಡುಗಿ ನನ್ನ ಕ್ಯಾಮೆರಾ ನೋಡದೆ, ಗಂಡನ ಹೆಗಲ ಮೇಲಿಂದ ಎಲ್ಲೋ ಹಿಂದಕ್ಕೆ ನೋಡುತ್ತಾಳೆ. ಅಷ್ಟು ಹೇಳಿದ್ದೆ ಕ್ಯಾಮೆರಾ ನೋಡಿ ಎಂದು. ಇನ್ನೊಮ್ಮೆ ನೋಡಲೆಂದು ಟೇಪನ್ನು ತಾಳಿಗಿಂತ ಸ್ವಲ್ಪ ಹಿಂದಕ್ಕೆ ಸುತ್ತಿ, ಅಲ್ಲೇ ನಿಲ್ಲಿಸಿ ಎದ್ದೆ.

17-6-1995, ಶನಿವಾರ

ಮಂಕಿಗೆ ಮದ್ದು ಹೊಳೆಯಿತು! ನನಗೇ ಹೊಳೆಯಿತು. ಗುರುಲಿಂಗಮ್ಮ ಹೇಳುವ ಮೊದಲೇ ಹೊಳೆದಿತ್ತು; ಅವಳು ಬಾಯಿಬಿಟ್ಟು ಹೇಳಿದ್ದು ಮಾತ್ರ ಸ್ವಲ್ಪ ಮುಂಚೆ.

ಮುದ್ದೆ ತಿರುವುತ್ತ, "ಬೆಟ್ಟದ ಮರೆಗೆ ಟೀವಿ ಮಂಕಾಗಿ ಬತ್ತಿದ್ದಾಗ ಗಳದ ಮೇಲೆ ಅದ್ಯಾವುದೋ ಡಬ್ಬಿ ಕಟ್ಟುದ್ರಲ್ಲ, ಆಗ ಚೆನ್ನಾಗಿ ಬರ್ಲಿಲ್ವಾ? ಆ ಡಬ್ಬಿನೇ ಇದ್ಕೂ ಕಟ್ಟಿ" ಎಂದಳು.

ಬೂಸ್ಟರ್! ಹಂಚುವ ಮೊದಲು ಕಾಳನ್ನೇ ಏಳು ಹಿಡಿ ಮಾಡುವ ಡಬ್ಬಿ! ಇನ್ನೂ ಒಳ್ಳೆಯದು ಕೊಯಮತ್ತೂರಿನಿಂದ ತರಿಸುತ್ತೇನೆ. ಜೊತೆಗೆ ದೊಡ್ಡ ಸ್ಟೆಬಿಲೈಸರು. ಖರ್ಚು ಅಲ್ಪ.

20-6-1995, ಮಂಗಳವಾರ

ಪರೀಕ್ಷೆಗೆ ಮಹದೇವಯ್ಯನನ್ನೂ ಮಲ್ಲಯ್ಯನನ್ನೂ ಕರೆದಿದ್ದೆ. ಕರೆಯಬಾರದಿತ್ತು.

21-6-1995, ಬುಧವಾರ

ನಿನ್ನೆ ಬರೆಯಲು ಕೈ ಬರಲಿಲ್ಲ. ಇವತ್ತು ಬರೆಯುತ್ತೇನೆ.

ಸರಳು ಬಂದಿತ್ತು, ಬೂಸ್ಟರ್ ಬಂದಿತ್ತು. ಹಳೆಯ ಮಂಕು ಕಾಪಿಗಳ ಮೇಲೇ ಹೊಸದನ್ನು ತುಂಬೋಣವೆಂದು ಆ ಏಳು ಕ್ಯಾಸೆಟ್ಟನ್ನೇ ಹಾಕಿದ್ದೆ. ಇಬ್ಬರು ದೊಡ್ಡ ಮನುಷ್ಯರು ಒಂದೇ ಎತ್ತರದ ಎರಡು ಕುರ್ಚಿಯಲ್ಲಿ ಕೂತಿದ್ದರು. ನಾನು ಊದುಬತ್ತಿ ಹಚ್ಚಿ, ಎರಡೂ ಕೈಯಿಂದ ಕೈಹಿಡಿ ಒತ್ತಿದೆ. ಕಟಕ್! ಎಂಥ ಶಬ್ದ! ಮಲ್ಲಯ್ಯ ಬೆಚ್ಚಿಬಿದ್ದ. ನಾನು ಯಂತ್ರಕ್ಕೆ ಬೆನ್ನು ಹಾಕಿ ಭಾಷಣಕ್ಕೆ ನಿಂತೆ. ಕೂರಿಗೆಯಿಂದ ಹಿಡಿದು ಜಪಾನಿನವರೆಗೆ ಹೇಳಿದೆ.

"ಮಾವ" ಎಂದಳು ಸೌಮ್ಯ.

"ತಡಿ ಕಣವ್ವ."

"ಮಾವ, ಎಂಟನೇದ್ರಲ್ಲಿ ಕೆಂಪು ದೀಪ ಉರೀತಾ ಅದೆ."

ಹಲ್ಲು ಮುರಿದ ತೂತಿಗೆ ಗಮ್ ಟೇಪ್ ಅಂಟಿಸಿದವನು ನಾನೇ. ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿದವನು ನಾನೇ. ಸರಳು ಒತ್ತಿದಾಗ ಎಂಟನೆಯ ಡೆಕ್ಕಿನ ರೆಕಾರ್ಡ್ ಬಟನ್ನೂ ಇಳಿದಿತ್ತು. ನಾನು ಭಾಷಣ ಮಾಡಿದ ಆರು ನಿಮಿಷವೂ ಅದು ಮದುವೆಯನ್ನು ಅಳಿಸುತ್ತ ಕೂತಿತ್ತು.

ಓಡಿಹೋಗಿ ಎಂಟನೆಯದನ್ನು ನಿಲ್ಲಿಸಿದೆ. ಉಳಿದವುಗಳ ನೆನಪೇ ಬರಲಿಲ್ಲ. ದೊಡ್ಡವರು ಎದ್ದುಹೋದರು, ನಾನು ತಲೆ ಹಿಡಿದು ಕೂತೆ. ಅವು ತಮ್ಮ ಪಾಡಿಗೆ ಮೂರು ಗಂಟೆ ಕಾಳಿಲ್ಲದ ಕೂರಿಗೆಯಂತೆ ಓಡಿ, ಟೇಪು ಮುಗಿದಾಗ ಒಂದೊಂದೇ ಕಟಕ್ ಎಂದು ನಿಂತವು.

ಅಳಿದದ್ದು ಎಲ್ಲಿ ಎಂದು ನೋಡಿದೆ. ಶುರುವಿಗೆ ಸುತ್ತುವುದನ್ನೂ ಮರೆತಿದ್ದೆ. ಟೇಪು ನಾನು ಗುರುವಾರ ನಿಲ್ಲಿಸಿದಲ್ಲೇ ಇತ್ತು. ಮಹದೇವಯ್ಯನ ಮಗ ಇದ್ದಾನೆ, ಮಲ್ಲಯ್ಯನ ಮಗಳು ಇದ್ದಾಳೆ, ಆರು ತಾಳಿಯೂ ಇವೆ. ಏಳನೆಯದಿಲ್ಲ. ಪುಟ್ಟಿ ಹಸೆಗೆ ಬಂದು ಕೂರುತ್ತಾಳೆ, ಆಮೇಲೆ ಪರದೆಯ ತುಂಬ ಇರುವೆ ಹರಿದಾಡುತ್ತವೆ, ಇರುವೆ ಹೋಗುವ ಹೊತ್ತಿಗೆ ಜನ ಊಟಕ್ಕೆ ಕೂತಿದ್ದಾರೆ.

ಕೆಂಚಮ್ಮನ ಮನೆಯಲ್ಲಿ ಟೀವಿಯಿಲ್ಲ, ಕರೆಂಟೇ ಇಲ್ಲ. ಕ್ಯಾಮೆರಾದ ಬ್ಯಾಟರಿ ಮುಗಿದಿತ್ತು ಕಣಮ್ಮ ಎಂದರೆ ಮುಗಿಯಿತು. ಕನ್ನಡಿಯ ಮುಂದೆ ನಿಂತು ಎರಡು ಸಲ ಹೇಳಿ ನೋಡಿದೆ. ಚೆನ್ನಾಗಿಯೇ ಬಂತು. ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಈ ಬೆಟ್ಟದಲ್ಲಿ ಇಲ್ಲ.

ಆದರೆ ಅದನ್ನು ನೋಡಿದವನು ನಾನೊಬ್ಬನೇ. ಅವಳಿಗೆ ತೋರಿಸಲಿಲ್ಲ. ನಾನು ನೋಡಿದೆ, ಅಳಿಸಿದೆ. ರಾತ್ರಿಯ ಸಾರು ಅವಳು ತಂದ ಹುರುಳಿಯದೇ. ತಟ್ಟೆ ಸರಿಸಿ ಎದ್ದೆ.

22-6-1995, ಗುರುವಾರ

ಓಹೋಹೋ! ಎಲ್ಲಿಂದ ಶುರುಮಾಡಲಿ?

ಬೆಳಿಗ್ಗೆ ಸೌಮ್ಯಳಿಗೆ ಬ್ಯಾಟರಿಯ ಸುಳ್ಳನ್ನು ಹೇಳಿ ತೋರಿಸಿದೆ. ಅವಳು ನಗಲಿಲ್ಲ. "ಮಾವ, ನೀವು ಜಪಾನ್ ಕತೆ ಯೋಳುದ್ರೆ ನಗ್ತೀನಿ. ಇದು ಬ್ಯಾಡ" ಎಂದು ಎದ್ದುಹೋಗಿ, ಆ ಏಳು ಕ್ಯಾಸೆಟ್ಟನ್ನೂ ಒಂದೊಂದಾಗಿ ಹಾಕಿ ನೋಡುತ್ತ ಕೂತಳು. ಒಂದನೆಯದು ಇರುವೆ. ಎರಡು, ಮೂರು, ಇರುವೆ. ಹಳೆಯ ಮಂಕು ಮದುವೆಯ ಮೇಲೆ ಮೂರು ಗಂಟೆ ಬರೀ ಇರುವೆ ಬಿತ್ತಿದ್ದೆವಲ್ಲ! ನಾಲ್ಕನೆಯದನ್ನು ಹಾಕಿದವಳು, "ಮಾವಾ!" ಎಂದು ಕಿರುಚಿದಳು. ನಾನು ಬಚ್ಚಲಿನಿಂದ ಸೋಪಿನ ಮೈಯಲ್ಲೇ ಓಡಿಬಂದೆ.

ನಾಲ್ಕನೆಯದರಲ್ಲಿ ಮಂಕು ಮದುವೆ ಹಾಗೇ ಇದೆ! ಪೂರ್ತಿ!

ಕಾರಣ ಕೇಳಿದರೆ ಯಾರೂ ನಂಬುವುದಿಲ್ಲ. ನನ್ನ ಸರಳು ಹದಿನಾರು ಅಡಿ ಉದ್ದ. ಕೈಹಿಡಿ ಅದರ ಎರಡು ತುದಿಯನ್ನು ಕೆಳಗೆಳೆದಾಗ ನಡುವೆ ಬಿಲ್ಲಿನ ಹಾಗೆ ಮೇಲಕ್ಕೆ ಬಾಗುತ್ತದೆ, ಕೂದಲೆಳೆಯಷ್ಟು. ಅಷ್ಟು ಸಾಕು, ನಡುವಿನ ನಾಲ್ಕನೆಯ ಡೆಕ್ಕಿನ ಬಟನ್ ಇಳಿದೇ ಇಲ್ಲ. ಅದೊಂದು ಸುಮ್ಮನೆ ಕೂತಿತ್ತು. ನನ್ನ ಯಂತ್ರದ ಜಾಣತನವೆಲ್ಲ ಸೇರಿ ಆ ಗಳಿಗೆಯನ್ನು ಕೊಂದಿತು, ಅದರ ಒಂದು ದೋಷ ಉಳಿಸಿತು.

ಮಂಕಿನಲ್ಲೇ ಪುಟ್ಟಿಯ ತಾಳಿ ನೋಡಿದೆವು. ಗುರುಲಿಂಗಮ್ಮನೂ ಬಂದು ನಿಂತಳು. ನಾನು ಸೋಪು ಒಣಗುವವರೆಗೂ ಅಲ್ಲೇ ಇದ್ದೆ.

25-6-1995, ಭಾನುವಾರ

ಮಂಕಾದ ಆ ಆರು ನಿಮಿಷವನ್ನು ಮದುವೆಯ ಕ್ಯಾಸೆಟ್ಟಿನಲ್ಲಿ ಅಳಿದ ಜಾಗಕ್ಕೆ ಕೂರಿಸಿದೆವು. ಆಮೇಲೆ ಮೊದಲ ಕೆಲಸ, ಅದರ ಬೆನ್ನಿನ ಗಮ್ ಟೇಪ್ ಕಿತ್ತೆಸೆದದ್ದು. ಎರಡನೆಯದು, ಎಂಟನೆಯ ಡೆಕ್ಕಿನ ಮೇಲಿನ ಒಂದು ಗೂಟ ಕಿತ್ತದ್ದು. ಬೋಳಾಗಿದೆ, ಲಕ್ಷಣವಾಗಿಯೇ ಕಾಣುತ್ತದೆ. ಮೂರನೆಯದು ಸೌಮ್ಯಳ ಉಪಾಯ: ನಾಲ್ಕನೆಯ ಡೆಕ್ಕಿನ ಗೂಟಗಳ ತುದಿಗೆ ಸೈಕಲ್ ಟ್ಯೂಬಿನ ಎರಡು ಮಡಿಕೆ ಕಟ್ಟಿ ಉದ್ದ ಮಾಡಿದಳು, ನಡುವಿನ ಬಾಗು ತುಂಬಿತು. ಗುರುಲಿಂಗಮ್ಮ ಕೈಹಿಡಿ ಒತ್ತಿದಳು. ಅವಳದು ಬೇಟೆಗಾರನಿಗಿಂತಲೂ ಸಮವಾದ ಕೈ, ಇಪ್ಪತ್ತು ವರ್ಷ ಕೂರಿಗೆಗೆ ಕಾಳು ಬಿಟ್ಟ ಕೈ. ಎಂಟೂ ಒಂದೇ ಕಟಕ್.

ಮೂರು ಗಂಟೆ ನಾವು ಮೂವರೂ ಬೆಂಚಿನ ಮುಂದೆ ಕೂತು ಕಡಲೆಕಾಯಿ ತಿಂದೆವು. ನಾನು ಭಾಷಣ ಮಾಡಲಿಲ್ಲ. ಕೆಂಪು ದೀಪಗಳನ್ನು ಎಣಿಸುತ್ತಿದ್ದೆ. ಏಳು. ಏಳೇ.

ಏಳು ಕಾಪಿ! ಮಲ್ಲಯ್ಯನ ಮಗಳ ಸೀರೆ ಕೆಂಪೋ ಕೆಂಪು!

27-6-1995, ಮಂಗಳವಾರ

ಇವತ್ತು ಮಧ್ಯಾಹ್ನ ಏಳು ಮನೆಯವರನ್ನೂ ಅಂಗಡಿಗೆ ಕರೆಸಿದ್ದೆ. ಏಳು ಕ್ಯಾಸೆಟ್ಟನ್ನು ದೊಡ್ಡ ಮೊರದಲ್ಲಿ ದುಂಡಗೆ ಜೋಡಿಸಿ, ಸೌಮ್ಯ ಶಿಳ್ಳೆ ಊದಿದಾಗ ಏಳು ಕೈ ಒಟ್ಟಿಗೆ ಎತ್ತಬೇಕೆಂದು ಕಟ್ಟುಪಾಡು. ಮಹದೇವಯ್ಯನೂ ಮಲ್ಲಯ್ಯನೂ ಓಟದ ಪಂದ್ಯಕ್ಕೆ ನಿಂತ ಹುಡುಗರ ಹಾಗೆ ಬೆರಳು ಚಾಚಿ ನಿಂತಿದ್ದರು. ಶಿಳ್ಳೆಯಾಯಿತು, ಎತ್ತಿದರು.

"ನಾನೇ ಮೊದ್ಲು!" ಎಂದ ಮಹದೇವಯ್ಯ.

"ನೀನ್ ಎತ್ತಿರೋದು ನನ್ ಕ್ಯಾಸೆಟ್ಟು ಕಣಯ್ಯ" ಎಂದ ಮಲ್ಲಯ್ಯ.

"ಏಳೂ ಒಂದೇ ಕಣ್ರಪ್ಪ" ಎಂದಳು ಗುರುಲಿಂಗಮ್ಮ. ಜನ ಬಿದ್ದುಬಿದ್ದು ನಕ್ಕರು.

ಕೆಂಚಮ್ಮ ಬಾಗಿಲ ಹೊರಗೆ ನಿಂತಿದ್ದಳು. ಆಷಾಢಕ್ಕೆಂದು ತವರಿಗೆ ಬಂದ ಪುಟ್ಟಿ ಜೊತೆಗಿದ್ದಳು. ನಾನು ಹೋಗಿ ತಾಯಿಯನ್ನು ಒಳಗೆ ಕರೆತಂದು ಟೀವಿಯ ಮುಂದಿನ ಕುರ್ಚಿಯಲ್ಲಿ ಕೂರಿಸಿದೆ. ಕೂರಲು ಒಪ್ಪದೆ ನೆಲಕ್ಕೆ ಜಾರುತ್ತಿದ್ದಳು. ಸೌಮ್ಯ ಹಿಡಿದು ಕೂರಿಸಿದಳು.

"ಇದೇನ್ಲಾ, ಮೊದ್ಲು ಅವ್ಳಿಗಾ?" ಎಂದ ಮಹದೇವಯ್ಯ.

"ಊಂ ಕಣಣ್ಣ. ನೀವೆಲ್ಲ ಒಂದ್ಸಲ ನೋಡಿದ್ದೀರ. ಅವಳು ಇನ್ನೂ ನೋಡಿಲ್ಲ."

ಪುಟ್ಟಿ ಹಸೆಗೆ ಬಂದಳು, ಬಣ್ಣಬಣ್ಣವಾಗಿ. ಥಟ್ಟನೆ ಎಲ್ಲವೂ ಮಂಕಾಯಿತು. ಮಂಕಿನೊಳಗೆ ತಾಳಿ ಮೇಲೆದ್ದಿತು.

"ಅವತ್ತು ಮಂಜು ಬಿದ್ದಿತ್ತಾ ಬುದ್ಧಿ?" ಎಂದಳು ಕೆಂಚಮ್ಮ, ಕಣ್ಣು ತೆಗೆಯದೆ.

"ಬಿದ್ದಿತ್ತು ಕಣಮ್ಮ, ಬೆಟ್ಟದ ಮಂಜು" ಎಂದುಬಿಟ್ಟ ಮಲ್ಲಯ್ಯ, ಪಾಪ, ನನ್ನ ಮಾನ ಕಾಯಲು.

ಎಷ್ಟು ಸಲೀಸಾದ ಸುಳ್ಳು. ತಟ್ಟೆಯಲ್ಲಿಟ್ಟು ಕೊಟ್ಟ ಹಾಗಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಮಂಜಲ್ಲ ಕೆಂಚಕ್ಕ. ನಾನು ಅಳಿಸಿಬಿಟ್ಟೆ. ಹಳೇ ಕ್ಯಾಸೆಟ್ಟಿಗೆ ಟೇಪ್ ಅಂಟಿಸಿ ಹೊಸದು ಅಂದಿದ್ದೆ, ಅದರಿಂದ ಆಯ್ತು. ಉಳಿದದ್ದು ಇಷ್ಟೇ."

ಅವಳು ನನ್ನ ಕಡೆ ತಿರುಗಲೂ ಇಲ್ಲ.

"ಇನ್ನೊಂದ್ಸಲ ಆಕಿ ಬುದ್ಧಿ."

ಹಾಕಿದೆ. ಮುಗಿಯಿತು. "ಇನ್ನೊಂದ್ಸಲ." ಮೂರನೆಯ ಸಲ ಅವಳು ಕುರ್ಚಿಯಿಂದ ಎದ್ದು ಟೀವಿಯ ಹತ್ತಿರ ಹೋಗಿ ಗಾಜಿಗೆ ಬೆರಳು ಇಟ್ಟಳು, ಪುಟ್ಟಿಯ ಮುಖದ ಮೇಲೆ.

"ಎಲ್ ನೋಡ್ತಿದ್ದೀಯವ್ವ ನೀನು, ತಾಳಿ ಕಟ್ಟೋವಾಗ?"

ಪುಟ್ಟಿ ನಾಚಿಕೊಂಡು ಸೆರಗು ಬಾಯಿಗಿಟ್ಟುಕೊಂಡಳು. "ಅನ್ನದ ಕೊಳಗದ ತಾವ. ನಿನ್ನೇ ಉಡುಕ್ತಿದ್ದೆ."

ಆಮೇಲೆ ಯಾರೂ ಮೊದಲು ಎನ್ನಲಿಲ್ಲ. ಮಲ್ಲಯ್ಯನೇ "ಇನ್ನೊಂದ್ಸಲ ಆಕ್ಲಾ" ಎಂದ. ನಾನು ನಾಲ್ಕನೆಯ ಸಲ ಹಾಕಿದೆ.

ವಿಡಿಯೊಗೆಂದು ಕೆಂಚಕ್ಕ ಕೊಟ್ಟಿದ್ದ ಮುನ್ನೂರು ರೂಪಾಯಿ ವಾಪಸು ಕೊಟ್ಟೆ. ಬೇಡ ಎಂದಳು, ಕೈಯಲ್ಲಿಟ್ಟೆ. "ಓಗ್ಬರ್ತೀನಿ ಕಣಣ್ಣ" ಎಂದು ಹೊರಟಳು.

30-6-1995, ಶುಕ್ರವಾರ

ಮಳೆ. ಅಡುಗೆಮನೆಯಲ್ಲಿ ಆರು ಕಡೆ ಸೋರುತ್ತಿದೆ. ಆರು ಕಡೆಗೂ ಒಂದೊಂದು ಪಾತ್ರೆ ಇಟ್ಟು ನೋಡಿದರೆ ಅದೂ ಒಂದು ಕೂರಿಗೆಯೇ, ಮೇಲೆ ಒಂದು ಮೋಡ, ಕೆಳಗೆ ಆರು ಸಾಲು. ಗುರುಲಿಂಗಮ್ಮನಿಗೆ ಹಾಗೆ ಹೇಳಿದೆ. ನಕ್ಕಳು. ಆಮೇಲೆ ಸೊಂಟದ ಎಲೆಚೀಲದಿಂದ ಮಡಿಸಿದ ಚೀಟಿಯೊಂದನ್ನು ತೆಗೆದು ನನ್ನ ಮುಂದಿಟ್ಟಳು. ಡೆಕ್ಕುಗಳ ದುಡ್ಡಿಗೆ ಕೊಯಮತ್ತೂರಿನವನು ಬರೆದುಕೊಟ್ಟ ಚೀಟಿ.

"ಅಂಗಿ ಒಗ್ಯೋಳು ನಾನೇ ಅಲ್ವಾ?" ಎಂದಳು. ತಿಂಗಳಿಂದ ಅವಳ ಹತ್ತಿರವೇ ಇತ್ತಂತೆ.

"ಬಯ್ಯೋದಾದ್ರೆ ಬಯ್ದುಬಿಡು."

"ಬಯ್ಯಕ್ಕೇನ, ಸೂರಿನ ನೀರು ನಿಲ್ತದಾ? ಅದ್ಯಾವ್ದೋ ಬುಕ್ಕಲ್ಲಿ ದಿನಾ ಬರೀತೀರಲ್ಲ, ಅದ್ರಲ್ಲಾದ್ರೂ ನಿಜ ಬರ್ಕೊಳಿ."

ಕೇಬಲ್ಲಿನವನು ನಿನ್ನೆ ನಮ್ಮ ಬಸ್ ಸ್ಟ್ಯಾಂಡಿಗೂ ಬಂದು ಕಂಬ ಎಣಿಸಿಕೊಂಡು ಹೋದ. ಒಂದೇ ಸಲ ಏಳು ಕಾಪಿ ಬೇಕೆನ್ನುವವರು ಈ ಬೆಟ್ಟದಲ್ಲಿ ಇನ್ನೊಮ್ಮೆ ಹುಟ್ಟುವುದಿಲ್ಲ. ಯಂತ್ರದ ಮೇಲೆ ಗೋಣಿಚೀಲ ಹೊದಿಸಿದ್ದೇನೆ; ತೆಗೆದರೆ ಈಗಲೂ ಕೋಸಿನ ವಾಸನೆ, ಈಗಲೂ ಒತ್ತಿದರೆ ಒಂದೇ ಕಟಕ್. ದಿನಕ್ಕೊಮ್ಮೆ ಒತ್ತಿ ಬರುತ್ತೇನೆ.

ಡೆಕ್ಕು, ಲಾರಿ, ಕಬ್ಬಿಣ, ಕ್ಯಾಸೆಟ್ಟು, ಬೂಸ್ಟರು, ಸ್ಟೆಬಿಲೈಸರು ಎಲ್ಲ ಕೂಡಿಸಿ, ಆರು ಮನೆಯಿಂದ ಬಂದದ್ದನ್ನು ಕಳೆದೆ. ಅವಳಿಗೆ ಹೇಳಿದ ಎರಡು ಸಾವಿರವಲ್ಲ. ಈ ಡೈರಿಗೆ ಹೇಳಿದ ಐದು ಸಾವಿರವೂ ಅಲ್ಲ. ಹೋದದ್ದು ಹದಿನಾಲ್ಕು ಸಾವಿರದ ಎಂಟುನೂರ ನಲವತ್ತು ರೂಪಾಯಿ.